ಅಳಿಸಿಹೋದ 14 ಸಾಲು: ಒಂದು ಇಂಟರ್‌ವ್ಯೂ ಪ್ರಕರಣ

ಈ ಪ್ರಕರಣದ ಹುಡುಗನನ್ನು ಮಾದೇಶ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಊರು, ಕಾಲೇಜು, ಎರಡು ಕಂಪನಿಗಳ ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬರೆದಾದ ಮೇಲೆ ಅವನಿಗೆ ಪೂರ್ತಿ ಓದಿ ಹೇಳಿದೆ. "ಹಾಕಿ ಅಕ್ಕ, ನಮ್ಮ ಜೂನಿಯರ್‌ಗಳಿಗೆ ಬೇಕಾಗುತ್ತೆ" ಅಂದ.

ನಾನು ಬೆಂಗಳೂರಿನಲ್ಲಿ 11 ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕೆಲವು ವರ್ಷಗಳಿಂದ ಹೊಸಬರ ಇಂಟರ್‌ವ್ಯೂ ಕೂಡ ಮಾಡುತ್ತೇನೆ. ಮಾದೇಶ ಓದಿದ ಕಾಲೇಜಿನಲ್ಲೇ ನಾನೂ ಓದಿದ್ದು. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಿಂದ ನನ್ನ ನಂಬರ್ ತಗೊಂಡು ಒಂದು ರಾತ್ರಿ ಮೆಸೇಜ್ ಮಾಡಿದ್ದ. "ಮೇಡಂ, ನಾಳೆ ಇಂಟರ್‌ವ್ಯೂ ಇದೆ, ಏನು ಕೇಳ್ತಾರೆ?" ನಾನು ನೋಡುವ ಹೊತ್ತಿಗೆ ಇಂಟರ್‌ವ್ಯೂ ಮುಗಿದಿತ್ತು.

ಹಿನ್ನೆಲೆ

ಹಳೇ ಮೈಸೂರು ಕಡೆಯ ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್‌ಗೆ ತಾಲ್ಲೂಕು ಕೇಂದ್ರಕ್ಕೆ ಬಂದಾಗ ಪುಸ್ತಕವೆಲ್ಲ ಒಂದೇ ಸಲ ಇಂಗ್ಲಿಷ್ ಆಯಿತು. ಆ ಎರಡು ವರ್ಷ ಹೇಗೋ ದಾಟಿ, ಸಿಇಟಿ ಬರೆದು, ವಿಟಿಯು ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಪಡೆದ. ಸಿಜಿಪಿಎ 7.4. ಮೂರನೇ ಸೆಮಿಸ್ಟರಿನ ಗಣಿತ, ಅಂದರೆ ಹುಡುಗರೆಲ್ಲ ಹೆದರುವ ಎಂ-3, ಒಂದು ಸಲ ಹೋಗಿತ್ತು. ಮುಂದಿನ ಸಲ ತೆಗೆದುಕೊಂಡ. ಮನೆಯಲ್ಲಿ ಎರಡು ಎಕರೆ ಜಮೀನು, ಮೂರು ಹಸು. ಅಮ್ಮ ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾರೆ.

ನಮ್ಮಂಥ ಕಾಲೇಜಿಗೆ ಬೇರೆಯವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ದೊಡ್ಡ ಸರ್ವಿಸ್ ಕಂಪನಿಗಳು ಬರುತ್ತವೆ. ಸ್ವಂತ ಪ್ರಾಡಕ್ಟ್ ಮಾಡುವ ದೊಡ್ಡ ಕಂಪನಿಗಳು ಅಪರೂಪ. ಅವರನ್ನು ಕಾಣಬೇಕಾದರೆ ಹಲವು ಕಾಲೇಜಿನವರನ್ನು ಒಟ್ಟಿಗೆ ಕರೆದು ಬೇರೆ ಊರಿನ ಕಾಲೇಜಿನಲ್ಲಿ ನಡೆಸುವ ಪೂಲ್ ಡ್ರೈವ್‌ಗೆ ಹೋಗಬೇಕು, ಇಲ್ಲವೇ ಕಾಲೇಜಿನ ಮೂಲಕವಲ್ಲದೆ ಆಫ್ ಕ್ಯಾಂಪಸ್ ಪ್ರಯತ್ನಿಸಬೇಕು. ಮಾದೇಶ ಹೋಗಿದ್ದು ಪೂಲ್ ಡ್ರೈವ್‌ಗೆ. ಬೆಂಗಳೂರಿನಲ್ಲಿ ಸಾವಿರಾರು ಜನ ಕೆಲಸ ಮಾಡುವ ಒಂದು ಬಹುರಾಷ್ಟ್ರೀಯ ಕಂಪನಿ. ಹತ್ತನೇ ಕ್ಲಾಸು, ಪಿಯುಸಿ ಎರಡರಲ್ಲೂ 60 ಪರ್ಸೆಂಟ್ ಇರಬೇಕು, ಪಾಸಾಗದೆ ಬಾಕಿ ಉಳಿದ ವಿಷಯ, ಅಂದರೆ ಬ್ಯಾಕ್‌ಲಾಗ್, ಇರಬಾರದು. 90 ನಿಮಿಷದ ಆನ್‌ಲೈನ್ ಟೆಸ್ಟ್‌ನಲ್ಲಿ ಎರಡು ಕೋಡಿಂಗ್ ಪ್ರಶ್ನೆ, ಜೊತೆಗೆ ಆಪರೇಟಿಂಗ್ ಸಿಸ್ಟಮ್, ಡಿಬಿಎಂಎಸ್ (ಡೇಟಾಬೇಸ್), ನೆಟ್‌ವರ್ಕ್ ಮೇಲೆ ಆಯ್ಕೆ ಪ್ರಶ್ನೆಗಳು. ಅವನ ಕಾಲೇಜಿನಿಂದ ಹೋದವರಲ್ಲಿ ಆ ಟೆಸ್ಟ್ ದಾಟಿದ್ದು ಇಬ್ಬರೇ. ಅದರಲ್ಲಿ ಇವನೊಬ್ಬ. ಅಂದರೆ ಹುಡುಗನಿಗೆ ವಿಷಯ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನೇ ಇದನ್ನು ಒಂದು ತಿಂಗಳು ಮರೆತಿದ್ದೆ.

ಏನಾಯಿತು

ಮೊದಲ ಟೆಕ್ನಿಕಲ್ ರೌಂಡ್ 45 ನಿಮಿಷ. ಪ್ರಶ್ನೆ ಸರಳ. ಏರಿಕೆಯ ಕ್ರಮದಲ್ಲಿರುವ ಸಂಖ್ಯೆಗಳ ಪಟ್ಟಿ ಕೊಡುತ್ತಾರೆ, ಕೆಲವು ಸಂಖ್ಯೆ ಮತ್ತೆ ಮತ್ತೆ ಬರಬಹುದು. ಕೇಳಿದ ಸಂಖ್ಯೆ ಮೊದಲು ಬರುವ ಜಾಗ ಯಾವುದು ಹೇಳಬೇಕು. ಬೈನರಿ ಸರ್ಚ್, ಅಂದರೆ ಪ್ರತಿ ಸಲ ಮಧ್ಯದ ಸಂಖ್ಯೆ ನೋಡಿ ಅರ್ಧ ಪಟ್ಟಿ ಬಿಡುತ್ತಾ ಹುಡುಕುವ ವಿಧಾನ, ಎಂದು ಅವನಿಗೆ ತಕ್ಷಣ ಹೊಳೆಯಿತು. ಮಾತಿಲ್ಲದೆ ಬರೆಯತೊಡಗಿದ. ಸುಮಾರು 18 ನಿಮಿಷ ಒಂದು ಪದ ಆಡಲಿಲ್ಲ. ಜಾವಾದಲ್ಲಿ 14 ಸಾಲು ಬರೆದ.

ಇಂಟರ್‌ವ್ಯೂ ಮಾಡುತ್ತಿದ್ದವರು ನೋಡಿ ಕೇಳಿದರಂತೆ: "ಆ ಸಂಖ್ಯೆ ಪಟ್ಟಿಯಲ್ಲಿ ಇಲ್ಲದೇ ಇದ್ದರೆ?"

ಮಾದೇಶ "ಸಾರಿ ಸರ್" ಅಂದ. 14 ಸಾಲನ್ನೂ ಸೆಲೆಕ್ಟ್ ಮಾಡಿ ಅಳಿಸಿದ. ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಕೈ ನಡುಗುತ್ತಿತ್ತು. ಲೂಪ್, ಅಂದರೆ ಕೋಡಿನಲ್ಲಿ ಮತ್ತೆ ಮತ್ತೆ ನಡೆಯುವ ಭಾಗ, ಎಲ್ಲಿ ನಿಲ್ಲಬೇಕು ಅನ್ನುವುದೇ ಗೊಂದಲವಾಯಿತು. ಟೈಮ್ ಮುಗಿಯಿತು. ಸಂಜೆ ಆಯ್ಕೆಯಾದವರ ಪಟ್ಟಿ ಬಂತು, ಅವನ ಹೆಸರು ಇರಲಿಲ್ಲ. ಆ ಕಂಪನಿಯಲ್ಲಿ ಮತ್ತೆ ಅರ್ಜಿ ಹಾಕಲು ಆರು ತಿಂಗಳು ಕಾಯಬೇಕು.

ಅವತ್ತು ರಾತ್ರಿ ಫೋನಿನಲ್ಲಿ ಮಾತಾಡಿದಾಗ ಅವನು ಹೇಳಿದ್ದು ಇಷ್ಟೇ: "ಕೋಡ್ ತಪ್ಪಾಗಿತ್ತು ಮೇಡಂ. ಪ್ರಾಕ್ಟೀಸ್ ಸಾಲದು." ನಾನೂ ಒಪ್ಪಿಕೊಂಡೆ. ಇನ್ನೂ ನೂರು ಪ್ರಾಬ್ಲಮ್ ಮಾಡು ಅಂದೆ. ಈ ಪ್ರಕರಣದಲ್ಲಿ ನನ್ನ ಮೊದಲ ನಿರ್ಧಾರ ಅದು, ಅದೇ ತಪ್ಪು ನಿರ್ಧಾರ. ಕಾಯಿಲೆ ಏನು ಅಂತ ನೋಡದೆ ಔಷಧಿ ಬರೆದುಕೊಟ್ಟ ಹಾಗಾಯಿತು.

ಮೊದಲ ಪ್ರಯತ್ನಗಳು

ನಾಲ್ಕು ವಾರದಲ್ಲಿ ಅವನು ನೂರಲ್ಲ, 130 ಪ್ರಾಬ್ಲಮ್ ಮಾಡಿದ. ರಾತ್ರಿ ಹನ್ನೊಂದರ ಮೇಲೆ ಹಾಸ್ಟೆಲಿನಲ್ಲಿ ನೆಟ್ ಚೆನ್ನಾಗಿ ಬರುತ್ತೆ ಅಂತ ಆಗ ಕೂರುತ್ತಿದ್ದ. ಜೊತೆಗೆ ಊರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿ, ತನ್ನ ಬಗ್ಗೆ ಎರಡು ನಿಮಿಷದ ಪರಿಚಯ ಬೈಹಾರ್ಟ್ ಮಾಡಿದ. ಇನ್ನೊಂದು ಕಡೆ ಪ್ಲೇಸ್‌ಮೆಂಟ್ ಟ್ರೈನಿಂಗ್‌ಗೆ 35 ಸಾವಿರ ಕಟ್ಟಲು ಹೊರಟಿದ್ದ, ಅದನ್ನು ಮಾತ್ರ ತಡೆದೆ.

ಆಮೇಲೆ ನನ್ನ ಸಹೋದ್ಯೋಗಿ ಒಬ್ಬರಿಗೆ ಹೇಳಿ ಒಂದು ಮಾಕ್ ಇಂಟರ್‌ವ್ಯೂ, ಅಂದರೆ ಅಭ್ಯಾಸದ ಇಂಟರ್‌ವ್ಯೂ, ಇಟ್ಟೆವು. ನಾನು ಕ್ಯಾಮೆರಾ ಆಫ್ ಮಾಡಿ ಕೇಳುತ್ತಾ ಕೂತಿದ್ದೆ. ಪರಿಚಯ ಚೆನ್ನಾಗಿ ಒಪ್ಪಿಸಿದ. ಪ್ರಶ್ನೆ ಬಂದ ಮೇಲೆ ಮತ್ತೆ ಮೌನ. ಕೀಬೋರ್ಡ್ ಸದ್ದು ಮಾತ್ರ. ನನ್ನ ಸಹೋದ್ಯೋಗಿ ನಡುವೆ "ಈ ಸಾಲು ಯಾಕೆ ಬೇಕು?" ಅಂದರು. ಸರಿಯಾಗಿದ್ದ ಸಾಲನ್ನು ಮಾದೇಶ ತೆಗೆದುಹಾಕಿದ. "ಈಗ?" ಅಂದರು. ವಾಪಸ್ ಹಾಕಿದ.

ಆಗ ನನಗೆ ಏನೋ ಚುಚ್ಚಿದಂತಾಯಿತು. ಅವತ್ತು ಸಂಜೆ ಅವನಿಗೆ ಕೇಳಿದೆ: ಆ ಮೊದಲ ಇಂಟರ್‌ವ್ಯೂನಲ್ಲಿ ಅಳಿಸಿದ ಕೋಡ್ ನೆನಪಿದೆಯಾ? ನೆನಪಿತ್ತು. ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ಕಳಿಸಿದ.

ಅದನ್ನು ನಾನು ಟೈಪ್ ಮಾಡಿ ಓಡಿಸಿದೆ. ಸರಿಯಾಗಿತ್ತು. ಪೂರ್ತಿ ಸರಿಯಾಗಿತ್ತು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅವನು ಉತ್ತರ ಇಡುವ ವೇರಿಯಬಲ್‌ಗೆ ಶುರುವಿನಲ್ಲೇ -1 ಕೊಟ್ಟಿದ್ದ, ಅಂದರೆ "ಸಿಗಲಿಲ್ಲ". ಮಧ್ಯದ ಸಂಖ್ಯೆ ಹುಡುಕುವ ಸಂಖ್ಯೆಗೆ ಸಮವಾದರೆ ಆ ಜಾಗ ಗುರುತು ಹಾಕಿಕೊಂಡು ಇನ್ನೂ ಎಡಕ್ಕೆ ಹುಡುಕುತ್ತಿದ್ದ. ಪಟ್ಟಿ 2, 4, 4, 4, 7, 9 ಅಂದುಕೊಳ್ಳಿ. ಹುಡುಕುವುದು 5. ಜಾಗಗಳನ್ನು ಸೊನ್ನೆಯಿಂದ ಎಣಿಸಿದರೆ ಮೊದಲ ಮಧ್ಯ 2ನೇ ಜಾಗ, ಅಲ್ಲಿ 4 ಇದೆ, ಚಿಕ್ಕದು, ಬಲಕ್ಕೆ ಹೋಗು. ಮುಂದಿನ ಮಧ್ಯ 4ನೇ ಜಾಗ, ಅಲ್ಲಿ 7, ದೊಡ್ಡದು, ಎಡಕ್ಕೆ ಬಾ. ಉಳಿದಿದ್ದು 3ನೇ ಜಾಗ, ಅಲ್ಲಿ 4, ಚಿಕ್ಕದು. ಮುಗಿಯಿತು. ಗುರುತು ಹಾಕಿದ್ದು ಏನೂ ಇಲ್ಲ, -1 ಹಾಗೇ ವಾಪಸ್ ಬರುತ್ತದೆ. ಮೂರೇ ಹೆಜ್ಜೆ. "ಇಲ್ಲದೇ ಇದ್ದರೆ?" ಅನ್ನುವ ಪ್ರಶ್ನೆಗೆ ಉತ್ತರ ಅವನ ಎರಡನೇ ಸಾಲಿನಲ್ಲೇ ಕೂತಿತ್ತು.

ಇನ್ನೊಂದು ವಿಷಯ. ಮಧ್ಯದ ಜಾಗ ಕಂಡುಹಿಡಿಯಲು ಎರಡು ತುದಿ ಕೂಡಿಸಿ ಎರಡರಿಂದ ಭಾಗಿಸುವುದು ಎಲ್ಲರ ರೂಢಿ. ಪಟ್ಟಿ ತೀರಾ ದೊಡ್ಡದಾದರೆ ಆ ಮೊತ್ತ ಜಾವಾದ ಇಂಟ್ ಹಿಡಿಯುವ ಅತಿ ದೊಡ್ಡ ಸಂಖ್ಯೆಯಾದ 2147483647 ದಾಟಿ ನೆಗೆಟಿವ್ ಆಗಿಬಿಡುತ್ತದೆ. ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ದೋಷ ವರ್ಷಗಟ್ಟಲೆ ಇತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ 2006ರಲ್ಲಿ ತಾವೇ ಅದರ ಬಗ್ಗೆ ಬರೆದರು. ಮಾದೇಶ ಹಾಗೆ ಕೂಡಿಸಿರಲಿಲ್ಲ. ಎರಡು ತುದಿಯ ವ್ಯತ್ಯಾಸದ ಅರ್ಧವನ್ನು ಎಡತುದಿಗೆ ಸೇರಿಸಿದ್ದ. ಅಂದರೆ ಅವನು ತಿಳಿದೇ ಬರೆದಿದ್ದ. ಎದುರಿಗಿದ್ದವರಿಗೆ ಅದನ್ನು ತೋರಿಸುವ ಮೊದಲೇ ಅಳಿಸಿಬಿಟ್ಟ.

"ನಿನ್ನ ಕೋಡ್ ಸರಿ ಇತ್ತು ಕಣೋ" ಅಂತ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ತುಂಬಾ ಹೊತ್ತು ಸದ್ದೇ ಇಲ್ಲ. ಆಮೇಲೆ ಕೇಳಿದ: "ಮತ್ತೆ ಅವರು ಯಾಕೆ ಕೇಳಿದ್ರು?"

ಇಡೀ ಪ್ರಕರಣ ಈ ಒಂದು ಪ್ರಶ್ನೆಯಲ್ಲಿದೆ.

ಪ್ರಶ್ನೆ ಬಂದರೆ ತಪ್ಪು

ಅವನು ಬಿಡಿಸಿ ಹೇಳಿದ. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಿ, ಬಂದ ಪ್ರೋಗ್ರಾಂ ಬರೆದು, ಓಡಿಸಿ ತೋರಿಸಿದ ಮೇಲೆ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ. ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಸರಿ ಹೇಳಿದರೆ ಮುಂದಿನ ಪ್ರಶ್ನೆ. ತಪ್ಪು ಹೇಳಿದರೆ ಅದೇ ಪ್ರಶ್ನೆ ಇನ್ನೊಂದು ಸಲ. "ಅವರು 'ಶೂರ್?' ಅಂದ್ರೆ ಸಾಕು ಅಕ್ಕ, ನಾವು ಉತ್ತರ ಬದಲಾಯಿಸ್ತೀವಿ. ಶಾಲೆಯಿಂದಲೂ ಅಷ್ಟೇ. ಮೇಷ್ಟ್ರು 'ಹೌದಾ?' ಅಂದ್ರೆ ತಪ್ಪು ಅಂತಲೇ ಅರ್ಥ." ಅವತ್ತೇ ಮೊದಲ ಸಲ ಮೇಡಂ ಹೋಗಿ ಅಕ್ಕ ಆಗಿದ್ದು.

ನಾನೂ ಅದೇ ಬೆಂಚುಗಳಲ್ಲಿ ಕೂತವಳು. ಸರಿ ಉತ್ತರ ಕೊಟ್ಟಾಗ ಯಾವ ಮೇಷ್ಟ್ರೂ "ಯಾಕೆ?" ಅಂತ ಕೇಳಿದ ನೆನಪು ನನಗಿಲ್ಲ. ಹಿರಿಯರು ತಿರುಗಿ ಪ್ರಶ್ನೆ ಹಾಕಿದರೆ ನಾವು ಸುಮ್ನೆ ತಲೆ ತಗ್ಗಿಸುತ್ತೇವೆ. ಅದು ಮರ್ಯಾದೆ. ವೈವಾದಲ್ಲಿ ಯೋಚನೆ ಮಾಡುವಾಗ ಬಾಯಿ ಮುಚ್ಚಿಕೊಂಡಿರುವುದೂ ಮರ್ಯಾದೆ.

ಇಂಟರ್‌ವ್ಯೂ ಮಾಡುವವರ ಕಡೆ ಏನು ನಡೆಯುತ್ತದೆ ಅನ್ನುವುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಕೆಲಸ ಮಾಡುವ ಕಡೆ ಇಂಟರ್‌ವ್ಯೂ ಆದ ಮೇಲೆ ಒಂದು ವರದಿ ಬರೆಯಬೇಕು. ಸಮಸ್ಯೆಯನ್ನು ಹೇಗೆ ಬಿಡಿಸಿದ, ಬೇರೆ ಯಾವ ದಾರಿ ಯೋಚಿಸಿದ, ಕೋಡ್ ಹೇಗಿದೆ, ತನ್ನ ಯೋಚನೆಯನ್ನು ಹೇಗೆ ತಿಳಿಸಿದ. ಅಭ್ಯರ್ಥಿ ಮಾತಾಡುತ್ತಿರುವಾಗಲೇ ನಾನು ಪಕ್ಕದ ವಿಂಡೋದಲ್ಲಿ ಟೈಪ್ ಮಾಡುತ್ತಿರುತ್ತೇನೆ. 18 ನಿಮಿಷ ಮಾತಿಲ್ಲ ಅಂದರೆ ನನ್ನ ಪುಟವೂ 18 ನಿಮಿಷ ಖಾಲಿ. ಆಗ ಏನಾದರೂ ಕೇಳಲೇಬೇಕು. "ಇಲ್ಲದೇ ಇದ್ದರೆ?" ಅನ್ನುವುದು ಎಷ್ಟೋ ಸಲ ಬಾಯಿ ಬಿಡಿಸಲು ಹಾಕುವ ಪ್ರಶ್ನೆ. ಕೋಡ್ ಸರಿ ಇದ್ದಾಗಲೂ ಕೇಳುತ್ತೇವೆ. ಸರಿ ಇದ್ದಾಗಲೇ ಜಾಸ್ತಿ ಕೇಳುತ್ತೇವೆ, ಯಾಕೆಂದರೆ ತಿಳಿದು ಬರೆದದ್ದೋ ಬೈಹಾರ್ಟ್ ಮಾಡಿ ಬರೆದದ್ದೋ ಗೊತ್ತಾಗಬೇಕಲ್ವಾ.

ಇದನ್ನೆಲ್ಲ ಅವನಿಗೆ ಹೇಳಿದೆ. ಹೂಂಗುಟ್ಟಿದ. ಆದರೆ ಮುಂದಿನ ಮಾಕ್‌ನಲ್ಲಿ ಮತ್ತೆ ಅದೇ ಕಥೆ. ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ.

ಡೇರಿ ಲೆಕ್ಕ

ತಿರುವು ಸಿಕ್ಕಿದ್ದು ಬೇರೆ ಕಡೆ. ಅವನ ರೆಸ್ಯೂಮೆಯಲ್ಲಿ ಮುಖ ಗುರುತಿಸಿ ಹಾಜರಿ ಹಾಕುವ ಪ್ರಾಜೆಕ್ಟ್ ಇತ್ತು. ನಾಲ್ಕು ಜನ ಸೇರಿ ಮಾಡಿದ್ದು. ಅದರ ಬಗ್ಗೆ ಏನು ಕೇಳಿದರೂ ತಡವರಿಸುತ್ತಿದ್ದ. "ನೀನೊಬ್ಬನೇ ಕೂತು ಏನಾದರೂ ಮಾಡಿದೀಯಾ?" ಅಂದೆ. "ನಮ್ಮೂರ ಡೇರಿಗೆ ಒಂದು ಸಣ್ಣದು ಮಾಡಿಕೊಟ್ಟಿದೀನಿ, ಅದೇನು ದೊಡ್ಡದಲ್ಲ" ಅಂದ.

ಊರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ರಿಜಿಸ್ಟರಿನಲ್ಲಿ ಬರೆದು, ಬಟವಾಡೆಯ ಹಿಂದಿನ ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದರಂತೆ. ಇವನು ರಜೆಯಲ್ಲಿ ಪೈಥಾನ್ ಮತ್ತು ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್ ಇಟ್ಟುಕೊಂಡು ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ರೈತನ ನಂಬರ್, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಷ್ಟು. ಅದರ ಮೇಲೆ ದರ. ಸರ್ಕಾರ ಕೊಡುವ ಪ್ರೋತ್ಸಾಹಧನ ಬೇರೆ ಬರುವುದರಿಂದ ಅದರ ಪಟ್ಟಿ ಬೇರೆ. ಇದನ್ನೆಲ್ಲ ಕನ್ನಡದಲ್ಲಿ ಹತ್ತು ನಿಮಿಷ ಒಂದೇ ಉಸಿರಿಗೆ ಹೇಳಿದ.

ನಾನು ಇಂಟರ್‌ವ್ಯೂ ಮಾಡುವವಳ ಹಾಗೆ ಕೇಳತೊಡಗಿದೆ.

"ಒಬ್ಬರೇ ಒಂದೇ ಹೊತ್ತಿನಲ್ಲಿ ಎರಡು ಸಲ ಹಾಲು ತಂದರೆ?"

"ತರ್ತಾರೆ ಅಕ್ಕ. ಹಸು ಹಾಲು ಒಂದು ಕ್ಯಾನು, ಎಮ್ಮೆ ಹಾಲು ಇನ್ನೊಂದು. ಅದಕ್ಕೇ ರೈತನ ನಂಬರನ್ನ ಪ್ರೈಮರಿ ಕೀ ಮಾಡಿಲ್ಲ. ಪ್ರತಿ ಕ್ಯಾನಿಗೂ ಬೇರೆ ನಂಬರ್ ಬೀಳುತ್ತೆ." (ಪ್ರೈಮರಿ ಕೀ ಅಂದರೆ ಡೇಟಾಬೇಸ್‌ನ ಪ್ರತಿ ಸಾಲಿಗೂ ಬೇರೆ ಬೇರೆ ಇರಬೇಕಾದ ಗುರುತು.)

"ಕರೆಂಟ್ ಹೋದರೆ?"

"ಬುಕ್ಕಲ್ಲಿ ಬರ್ಕೊಂಡು ಆಮೇಲೆ ಹಾಕ್ತಾರೆ. ಅದಕ್ಕೆ ಕಂಪ್ಯೂಟರ್ ಟೈಮ್ ತಗೊಂಡಿಲ್ಲ. ತಾರೀಖು, ಹೊತ್ತು ಕೈಯಲ್ಲೇ ಆರಿಸೋ ಹಾಗೆ ಇಟ್ಟಿದೀನಿ."

"ಫ್ಯಾಟ್ ಸೊನ್ನೆ ಅಂತ ಒತ್ತಿಬಿಟ್ಟರೆ?"

ಸ್ವಲ್ಪ ತಡೆದ. "ಅದು ನೋಡ್ಕೊಂಡಿಲ್ಲ. ಹಾಕಿದ್ರೆ ತಗೊಂಡುಬಿಡುತ್ತೆ. ತಡೀಬೇಕು. ಬರ್ಕೊಳ್ತೀನಿ ಇರಿ."

ನಾನು ಕೇಳಿದೆ: "ಈಗ ಮೂರು ಪ್ರಶ್ನೆ ಹಾಕಿದೆ. ಡೇರಿ ಪ್ರೋಗ್ರಾಂ ಪೂರ್ತಿ ಅಳಿಸಿದ್ಯಾ?"

"ಇಲ್ಲ. ಯಾಕೆ ಅಳಿಸಲಿ? ಅದು ನಡೀತಾ ಇದೆಯಲ್ಲ."

"ಬೈನರಿ ಸರ್ಚೂ ನಡೀತಾ ಇತ್ತು."

ಇದಕ್ಕೆ ಅವನು ಏನೂ ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಏನು ಮಾಡಬೇಕು ಅನ್ನುವುದು ಗೊತ್ತಾಯಿತು. ಡೇರಿ ವಿಷಯದಲ್ಲಿ ಅವನು ಈಗಾಗಲೇ ಮಾಡುತ್ತಿದ್ದದ್ದನ್ನು ಬೇರೆ ಪ್ರಶ್ನೆಗೂ ಮಾಡಬೇಕು, ಅಷ್ಟೇ. ಹೊಸದೇನೂ ಕಲಿಯಬೇಕಿರಲಿಲ್ಲ.

ಅಭ್ಯಾಸ ಬದಲಿಸಿದ್ದು

ದಿನಕ್ಕೆ ನಾಲ್ಕೈದು ಪ್ರಾಬ್ಲಮ್ ಮಾಡುತ್ತಿದ್ದವನಿಗೆ ಒಂದೇ ಸಾಕು ಅಂದೆ. ಆ ಒಂದನ್ನು ರೂಮ್‌ಮೇಟ್ ಮುಂದೆ ಜೋರಾಗಿ ಹೇಳಿಕೊಂಡು ಬಿಡಿಸಬೇಕು. ಮೊದಲ ಎರಡು ವಾರ ಕನ್ನಡದಲ್ಲಿ. ಇದು ನಾವು ಬೇಕೆಂದೇ ಮಾಡಿದ ಆಯ್ಕೆ. ಯೋಚನೆ, ಮಾತು, ಇಂಗ್ಲಿಷ್ ಮೂರನ್ನೂ ಒಂದೇ ದಿನ ಹೊರಿಸಿದರೆ ಮೂರೂ ಬೀಳುತ್ತವೆ. ಹೇಗೂ ನಮ್ಮ ಕನ್ನಡ ಇಲ್ಲಿ "ಮಿಡ್ ಈಗ 3, ಟಾರ್ಗೆಟ್‌ಗಿಂತ ದೊಡ್ಡದು, ಅದಕ್ಕೆ ಹೈ ಕೆಳಗಿಳಿಸ್ತೀನಿ" ಅನ್ನುವ ಥರದ್ದೇ. ಮೂರನೇ ವಾರ ಅದನ್ನೇ ಇಂಗ್ಲಿಷಿಗೆ ತಿರುಗಿಸಲು ಅವನಿಗೆ ಕಷ್ಟವಾಗಲಿಲ್ಲ. ಚಿಕ್ಕ ಚಿಕ್ಕ ವಾಕ್ಯ. ವ್ಯಾಕರಣ ಅಲ್ಲಲ್ಲಿ ಎಡವುತ್ತಿತ್ತು. ಅದನ್ನು ತಿದ್ದಲು ಹೋಗಲಿಲ್ಲ.

ರೂಮ್‌ಮೇಟ್ ಸಿವಿಲ್ ಇಂಜಿನಿಯರಿಂಗ್ ಹುಡುಗ, ಕೋಡ್ ಬರುವುದಿಲ್ಲ. ಅವನಿಗೆ ಮೂರು ಪ್ರಶ್ನೆ ಕಲಿಸಿದೆವು: "ಯಾಕೆ?", "ಇಲ್ಲದಿದ್ದರೆ?", "ತುಂಬಾ ಜಾಸ್ತಿ ಇದ್ದರೆ?" ಯಾವಾಗ ಬೇಕಾದರೂ ಎಸೆಯಬಹುದು, ಕೋಡ್ ಸರಿ ಇದ್ದರೂ ತಪ್ಪಿದ್ದರೂ. ಉತ್ತರ ಹೇಳಬೇಕಾದವನಿಗೆ ಒಂದೇ ಕಟ್ಟು: ಅಳಿಸುವಂತಿಲ್ಲ. ಪ್ರಶ್ನೆ ಬಂದ ತಕ್ಷಣ ಕೈ ಕೀಬೋರ್ಡಿನಿಂದ ತೆಗೆಯಬೇಕು, ಮೂರು ನಾಲ್ಕು ಸಂಖ್ಯೆಯ ಸಣ್ಣ ಉದಾಹರಣೆ ಬರೆಯಬೇಕು, ಅದರ ಮೇಲೆ ಕೋಡನ್ನು ಬೆರಳಿಟ್ಟು ಓಡಿಸಬೇಕು. ಸರಿ ಬಂದರೆ "ಸರಿ ಇದೆ, ಯಾಕೆಂದರೆ..." ಅನ್ನಬೇಕು. ತಪ್ಪಿದ್ದರೆ ತಪ್ಪಿರುವ ಸಾಲು ಮಾತ್ರ ಬದಲಿಸಬೇಕು. ಇದನ್ನು ಇಂಗ್ಲಿಷಿನಲ್ಲಿ ಶುರು ಮಾಡಲು ಒಂದು ವಾಕ್ಯ ಇಟ್ಟುಕೊಂಡ: "ಲೆಟ್ ಮಿ ಟ್ರೇಸ್ ಇಟ್ ಒನ್ಸ್." ಬೈಹಾರ್ಟ್ ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ.

ಮೊದಲ ವಾರ ನರಕವಾಗಿತ್ತಂತೆ. ಬ್ಯಾಕ್‌ಸ್ಪೇಸ್ ಮೇಲೆ ಬೆರಳು ತಾನಾಗಿ ಹೋಗುತ್ತಿತ್ತು. ರೂಮ್‌ಮೇಟ್ ಆ ಕೀ ಮೇಲೆ ಒಂದು ಚೂರು ಟೇಪ್ ಅಂಟಿಸಿದ.

ರೆಸ್ಯೂಮೆಯಲ್ಲಿ ಡೇರಿ ಪ್ರಾಜೆಕ್ಟ್ ಮೇಲಕ್ಕೆ ಬಂತು. ಹಾಜರಿಯದ್ದು ಕೆಳಗೆ ಒಂದು ಸಾಲಾಯಿತು.

ಎರಡನೇ ಕಂಪನಿ

ಎರಡು ತಿಂಗಳ ಮೇಲೆ ಸೀನಿಯರ್ ಒಬ್ಬರ ರೆಫರಲ್‌ನಿಂದ ಇನ್ನೊಂದು ದೊಡ್ಡ ಕಂಪನಿಯ ಟೆಸ್ಟ್ ಲಿಂಕ್ ಬಂತು. ಎರಡು ಪ್ರಶ್ನೆ, 75 ನಿಮಿಷ. ಒಂದು ಪೂರ್ತಿ ಬಿಡಿಸಿದ. ಎರಡನೆಯದಕ್ಕೆ ಹೊಳೆದದ್ದು ಲೂಪ್ ಒಳಗೆ ಲೂಪ್. 1 ಲಕ್ಷ ಸಂಖ್ಯೆ ಕೊಟ್ಟರೆ ಅದು 1000 ಕೋಟಿ ಹೆಜ್ಜೆ. ಸೆಕೆಂಡಿಗೆ ಸುಮಾರು 10 ಕೋಟಿ ಹೆಜ್ಜೆ ಅಂತ ನಾವು ಅಂದಾಜು ಇಟ್ಟುಕೊಳ್ಳುತ್ತೇವೆ, ಅಂದರೆ ದೊಡ್ಡ ಟೆಸ್ಟ್‌ಕೇಸ್‌ಗಳಲ್ಲಿ ಟೈಮ್ ಮೀರುತ್ತದೆ. ಗೊತ್ತಿದ್ದೂ ಅದನ್ನೇ ಸಬ್ಮಿಟ್ ಮಾಡಿದ. ಖಾಲಿ ಬಿಡುವುದಕ್ಕಿಂತ ಅದು ಒಳ್ಳೆಯದು, ಮತ್ತು ಆ ನಿರ್ಧಾರ ಅವನದೇ. ಮುಂದಿನ ಹಂತಕ್ಕೆ ಕರೆ ಬಂತು.

ಊರಿನಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಗೆಳೆಯನ ರೂಮಿನಲ್ಲಿ ಯುಪಿಎಸ್ ಇತ್ತು, ಅಲ್ಲಿ ಕೂತು ವಿಡಿಯೋ ಕಾಲ್‌ನಲ್ಲಿ ಎರಡು ರೌಂಡ್ ಮುಗಿಸಿದ. ಮೊದಲ ರೌಂಡ್ ಸುಲಭವಾಗಿ ಹೋಯಿತು. ಒಂದು ಪದದಲ್ಲಿ ಒಂದೇ ಸಲ ಬರುವ ಮೊದಲ ಅಕ್ಷರ ಹುಡುಕುವುದು. ಹ್ಯಾಶ್‌ಮ್ಯಾಪ್ ಬಳಸಿದ, ಅಂದರೆ ಕೀ ಕೊಟ್ಟರೆ ಅದರ ಬೆಲೆಯನ್ನು ನೇರವಾಗಿ ತೆಗೆದುಕೊಡುವ ಪಟ್ಟಿ. "ಹ್ಯಾಶ್‌ಮ್ಯಾಪ್‌ನಲ್ಲಿ ಹುಡುಕುವುದು ಯಾವಾಗಲೂ ಒಂದೇ ಹೆಜ್ಜೆಯಾ?" ಎಂದು ಕೇಳಿದರು. ಹಳೇ ಮಾದೇಶನಾದರೆ ಹ್ಯಾಶ್‌ಮ್ಯಾಪನ್ನೇ ಕಿತ್ತುಹಾಕುತ್ತಿದ್ದ. ಈ ಸಲ, ಸಾಮಾನ್ಯವಾಗಿ ಹೌದು, ಒಂದೇ ಬಕೆಟ್‌ಗೆ (ಅದರೊಳಗಿನ ಒಂದು ಖಾನೆಗೆ) ತುಂಬಾ ಕೀ ಬಿದ್ದರೆ ಇಲ್ಲ, ಜಾವಾ 8ರಿಂದ ಹಾಗಾದಾಗ ಆ ಪಟ್ಟಿ ಬೇಗ ಹುಡುಕಬಹುದಾದ ಮರವಾಗುತ್ತದೆ ಅಂದ. ಹ್ಯಾಶ್‌ಮ್ಯಾಪ್ ಇದ್ದಲ್ಲೇ ಉಳಿಯಿತು.

ಎರಡನೇ ರೌಂಡ್‌ನ ನಾಲ್ಕು ನಿಮಿಷವೇ ನನಗೆ ಈ ಪ್ರಕರಣದ ಮುಖ್ಯ ಭಾಗ. ಇಂಟರ್‌ವ್ಯೂ ಮಾಡಿದವರು ಡೇರಿ ಪ್ರಾಜೆಕ್ಟ್ ಹಿಡಿದುಕೊಂಡರು. ಈ ವಾರ ಪ್ರತಿ ರೈತ ಒಟ್ಟು ಎಷ್ಟು ಲೀಟರ್ ಹಾಕಿದ್ದಾನೆ ಅನ್ನುವ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಹಾಕುವ ಪ್ರಶ್ನೆ, ಬರೆಯಲು ಹೇಳಿದರು. ಹಾಲು ಹಾಕದವರ ಹೆಸರೂ ಬರಬೇಕು, ಮುಂದೆ ಸೊನ್ನೆ ಇರಬೇಕು. ಮಾದೇಶ ರೈತರ ಟೇಬಲ್‌ನಿಂದ ಹಾಲಿನ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡಿದ, ಅಂದರೆ ಹಾಲಿನ ದಾಖಲೆ ಇಲ್ಲದಿದ್ದರೂ ರೈತನ ಸಾಲು ಉಳಿಯುವ ಜೋಡಣೆ. ಈ ವಾರದ ತಾರೀಖಿನ ಷರತ್ತನ್ನು, ಜೋಡಿಸಿದ ಮೇಲೆ ಸಾಲುಗಳನ್ನು ಸೋಸುವ ವೇರ್‌ನಲ್ಲಿ ಹಾಕಿದ.

"ಈ ವಾರ ಹಾಲೇ ಹಾಕದವರು ಇದರಲ್ಲಿ ಬರ್ತಾರಾ?"

ಕೈ ಕೀಬೋರ್ಡ್ ಬಿಟ್ಟಿತು. "ಲೆಟ್ ಮಿ ಟ್ರೇಸ್ ಇಟ್ ಒನ್ಸ್" ಅಂದ. ಮೂರು ರೈತರನ್ನು ಬರೆದ. ಒಬ್ಬರು ಈ ವಾರ ಹಾಕಿದ್ದಾರೆ. ಇನ್ನೊಬ್ಬರು ಹೋದ ತಿಂಗಳು ಹಾಕಿ, ಹಸು ಗಬ್ಬವಾಗಿ ಹಾಲು ಬತ್ತಿದ ಮೇಲೆ ನಿಲ್ಲಿಸಿದ್ದಾರೆ. ಮೂರನೆಯವರು ಹೊಸ ಸದಸ್ಯರು, ಇನ್ನೂ ಹಾಕೇ ಇಲ್ಲ. ಒಬ್ಬೊಬ್ಬರನ್ನೇ ಕ್ವೆರಿಯಲ್ಲಿ ಓಡಿಸಿದ. ಮೊದಲನೆಯವರು ಬಂದರು. ಎರಡನೆಯವರ ತಾರೀಖು ಹಳೆಯದು, ವೇರ್ ಅವರನ್ನು ಉದುರಿಸಿತು. ಮೂರನೆಯವರ ತಾರೀಖಿನ ಜಾಗ ನಲ್, ಅಂದರೆ ಖಾಲಿ, ಅವರೂ ಉದುರಿದರು. ಲೆಫ್ಟ್ ಜಾಯಿನ್ ಮಾಡಿಯೂ ಉಪಯೋಗವಿಲ್ಲ.

ಈ ಸಲ ಅವನು ನಿಜವಾಗಿಯೂ ತಪ್ಪಿದ್ದ. ಅಭ್ಯಾಸದ ದಿನಗಳಲ್ಲಿ ನನಗಿದ್ದ ಅಳುಕು ಇದೇ. ಪ್ರಶ್ನೆಗೆ ಹೆದರಬೇಡ ಅಂತ ಹೇಳಿ ಹೇಳಿ, ತಪ್ಪಿದ್ದಾಗಲೂ ಹಟ ಹಿಡಿಯುವವನನ್ನು ತಯಾರು ಮಾಡಿದೆನಾ ಅಂತ. ಹಾಗಾಗಲಿಲ್ಲ. ಉದಾಹರಣೆ ಓಡಿಸಿ ನೋಡಿದವನಿಗೆ ಹೆದರಿಕೆಯೂ ಬೇಡ, ಹಟವೂ ಬೇಡ. ಉತ್ತರ ಕಣ್ಣಮುಂದೆ ಇರುತ್ತದೆ. ತಾರೀಖಿನ ಷರತ್ತನ್ನು ವೇರ್‌ನಿಂದ ತೆಗೆದು, ಯಾವ ಸಾಲು ಯಾವುದಕ್ಕೆ ಜೋಡಿ ಎಂದು ಹೇಳುವ ಜಾಯಿನ್‌ನ ಆನ್‌ಗೆ ಸೇರಿಸಿದ, ನಲ್ ಬಂದ ಕಡೆ ಸೊನ್ನೆ ಬರುವಂತೆ ಮಾಡಿದ, ಮತ್ತೆ ಮೂವರನ್ನೂ ಓಡಿಸಿದ. ಉಳಿದ ಸಾಲು ಮುಟ್ಟಲಿಲ್ಲ.

ಎಚ್‌ಆರ್ ರೌಂಡ್‌ನಲ್ಲಿ ಎಂ-3 ಯಾಕೆ ಹೋಯಿತು ಅಂತ ಕೇಳಿದರು. ಆ ಸೆಮಿಸ್ಟರಿನಲ್ಲಿ ಅಪ್ಪನಿಗೆ ಆಪರೇಷನ್ ಆಗಿತ್ತು, ಇದ್ದದ್ದನ್ನು ಇದ್ದಹಾಗೆ ಹೇಳಿದ. 19 ದಿನ ಏನೂ ಸುದ್ದಿ ಇಲ್ಲ. ಇಪ್ಪತ್ತನೇ ದಿನ ಮೇಲ್ ಬಂತು. ಆರು ತಿಂಗಳು ಇಂಟರ್ನ್‌ಶಿಪ್, ಕೆಲಸ ಒಪ್ಪಿಗೆಯಾದರೆ ಕಾಯಂ.

ಇದರಿಂದ ನಾನು ತೆಗೆದುಕೊಂಡದ್ದು

ಒಬ್ಬ ಹುಡುಗನ ಕಥೆಯಿಂದ ಎಲ್ಲರಿಗೂ ಸೂತ್ರ ಕಟ್ಟಲು ನನಗೆ ಧೈರ್ಯವಿಲ್ಲ. ಎರಡನೇ ಕಂಪನಿಯಲ್ಲಿ ಅವನಿಗೆ ತಾಳ್ಮೆ ಇರುವವರು ಸಿಕ್ಕಿದರು. ಡೇರಿ ಬಗ್ಗೆ ಕೇಳಿದರು. ಅದೃಷ್ಟವೂ ಇತ್ತು. 130 ಪ್ರಾಬ್ಲಮ್ ಮಾಡಿದ್ದು ದಂಡ ಅಂತಲೂ ಅಲ್ಲ, ಅದಿಲ್ಲದೆ ಟೆಸ್ಟೇ ದಾಟುತ್ತಿರಲಿಲ್ಲ. ಆದರೆ ವಿಷಯ ಗೊತ್ತಿರುವ ಹುಡುಗ ಸೋತು ಬಂದಾಗ "ಇನ್ನೂ ಓದು" ಅನ್ನುವ ಮೊದಲು, ಅವನು ಬರೆದದ್ದನ್ನು ಒಂದು ಸಲ ಓಡಿಸಿ ನೋಡಬೇಕು. ನಾನು ಅದನ್ನು ಮೊದಲ ರಾತ್ರಿಯೇ ಮಾಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಇಂಟರ್‌ವ್ಯೂ ಮಾಡುವವರಿಗೂ ಒಂದು ಮಾತು ಹೇಳಬೇಕು. ನಮ್ಮ ಎದುರು ಕೂತವರಲ್ಲಿ ಎಷ್ಟೋ ಜನ ಮಾದೇಶ ಓದಿದಂಥ ಶಾಲೆಗಳಿಂದಲೇ ಬಂದವರು. ನಾನು ಈಗ ಪ್ರಶ್ನೆ ಹಾಕುವ ಮೊದಲು ಹೇಳಿಬಿಡುತ್ತೇನೆ: "ತಪ್ಪಿದೆ ಅಂತ ಕೇಳ್ತಾ ಇಲ್ಲ, ನೀವು ಹೇಗೆ ಯೋಚಿಸಿದ್ರಿ ಅಂತ ಕೇಳ್ತಾ ಇದೀನಿ." ಐದು ಸೆಕೆಂಡಿನ ಮಾತು. ಯಾರಾದರೂ ಎಲ್ಲವನ್ನೂ ಅಳಿಸಲು ಹೊರಟರೆ "ಇರಲಿ, ಅದನ್ನು ಹಾಗೇ ಬಿಡಿ" ಅನ್ನುತ್ತೇನೆ. ಅಷ್ಟಕ್ಕೇ ಕೆಲವರ ಭುಜ ಇಳಿಯುವುದನ್ನು ನೋಡಿದ್ದೇನೆ.

ಮಾದೇಶನ ಅಭ್ಯಾಸ ಪೂರ್ತಿ ಹೋಗಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವಾರ ಅವನ ಕೋಡ್ ರಿವ್ಯೂನಲ್ಲಿ, ಅಂದರೆ ಬರೆದ ಕೋಡನ್ನು ಜೊತೆಯವರು ಪರಿಶೀಲಿಸುವಾಗ, ಯಾರೋ "ಇದನ್ನು ಬೇರೆ ಫಂಕ್ಷನ್ ಯಾಕೆ ಮಾಡಿದಿರಿ?" ಅಂತ ಒಂದು ಕಮೆಂಟ್ ಹಾಕಿದ್ದರಂತೆ. ಎರಡು ದಿನ ಕೂತು ಎಲ್ಲವನ್ನೂ ಬೇರೆ ಥರ ಬರೆದ. ಆಮೇಲೆ ಅವರು, "ಅಯ್ಯೋ, ಮೊದಲಿನದೇ ಚೆನ್ನಾಗಿತ್ತು, ಸುಮ್ನೆ ತಿಳ್ಕೊಳ್ಳೋಣ ಅಂತ ಕೇಳಿದೆ" ಅಂದರಂತೆ. ಅವತ್ತು ಫೋನಿನಲ್ಲಿ ಅವನ ದನಿ ತುಂಬಾ ಕುಗ್ಗಿತ್ತು.

ಹೋದ ವಾರ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ರಿವ್ಯೂ ಮಾಡಿದವರು ಕೇಳಿದ್ದರು: "ಈ ಪಟ್ಟಿ ಖಾಲಿ ಬಂದರೆ?" ಕೆಳಗೆ ಮಾದೇಶನ ಉತ್ತರ. ಖಾಲಿ ಬಂದರೆ ಲೂಪ್ ಒಳಗೇ ಹೋಗುವುದಿಲ್ಲ, ಸೊನ್ನೆ ವಾಪಸ್ ಬರುತ್ತದೆ, ಅದಕ್ಕೊಂದು ಟೆಸ್ಟ್ ಸೇರಿಸಿದ್ದೇನೆ. ಕೋಡಿನಲ್ಲಿ ಒಂದು ಸಾಲೂ ಬದಲಾಗಿರಲಿಲ್ಲ.